ಮೊದಲು ಸಹಿ ಹಾಕಿದವಳು

ನಮ್ಮ ಕನ್ನಡ ಸಂಘದಲ್ಲಿ ಅಧ್ಯಕ್ಷರ ಚುನಾವಣೆ ಅಂತ ನಡೆಯುವುದಿಲ್ಲ. ನಡೆಯುವುದು ಆಯ್ಕೆ, ಅದೂ ಅವಿರೋಧ ಆಯ್ಕೆ. ಇಬ್ಬರು ನಿಂತರೆಂದರೆ ಸಾಕು, ಮನೆಯ ಮರ್ಯಾದೆ ಬೀದಿಗೆ ಬಂದವರಂತೆ ಹಿರಿಯರು ಚಡಪಡಿಸುತ್ತಾರೆ. ಬಾಡಿಗೆಗೆ ಹಿಡಿದ ಶಾಲೆಯ ಕೆಫೆಟೇರಿಯಾದಲ್ಲಿ ಬಿಸಿಬೇಳೆಬಾತ್ ಆರುತ್ತಿರುತ್ತದೆ, ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಯಾರದೋ ಮಿನಿವ್ಯಾನಿನೊಳಗೆ ಸಂಧಾನ ನಡೆಯುತ್ತಿರುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಇಬ್ಬರಲ್ಲಿ ಒಬ್ಬರು ಇಳಿದು ಬಂದು ಮೈಕ್ ಹಿಡಿದು, "ಸಂಘದ ಒಳ್ಳೇದಕ್ಕೋಸ್ಕರ ನಾನು ಹಿಂದೆ ಸರೀತಿದೀನಿ" ಎನ್ನುತ್ತಾರೆ. ಚಪ್ಪಾಳೆ. ಹಾಗೆ ಹಿಂದೆ ಸರಿದವರನ್ನು ಸಂಘ ಮರೆಯುವುದಿಲ್ಲ. ಮರುವರ್ಷ ಅಧ್ಯಕ್ಷಗಿರಿ ಅವರಿಗೇ, ಶಾಲು ಅವರ ಹೆಗಲಿಗೇ. ನಾನು ಅಂಥ ಮಿನಿವ್ಯಾನಿನಲ್ಲಿ ಕುಳಿತು ಆರು ಜನ ಅಧ್ಯಕ್ಷರನ್ನು ಮಾಡಿದವನು. ಈ ವಿದ್ಯೆಯಲ್ಲಿ ಮಿಷಿಗನ್ ರಾಜ್ಯದಲ್ಲೇ ನನ್ನನ್ನು ಮೀರಿಸುವವರಿಲ್ಲ ಎಂದು ಜಂಬಪಡುತ್ತಿದ್ದೆ. ಆ ಜಂಬವೇ ನನ್ನ ಮನೆಯನ್ನು ತಿಂದುಹಾಕಿತು.

ನಮ್ಮ ಮನೆ ಇರುವುದು ಪ್ಲಿಮತ್‌ನಲ್ಲಿ, ನನ್ನ ಕೆಲಸ ಸೌತ್‌ಫೀಲ್ಡ್‌ನ ಒಂದು ಗಾಜಿನ ಕಟ್ಟಡದಲ್ಲಿ. ಬಂದು ಹತ್ತೊಂಬತ್ತು ವರ್ಷವಾದರೂ ಇನ್ನೂ ಕೆಲಸದ ವೀಸಾದ ಮೇಲೆಯೇ ಇದ್ದೇನೆ. ಗ್ರೀನ್ ಕಾರ್ಡಿನ ಕ್ಯೂ ಎಷ್ಟು ಉದ್ದವಿದೆಯೆಂದರೆ, ನಮ್ಮ ವಕೀಲರು ಈಗ ಅದರ ಬಗ್ಗೆ ಮಾತನಾಡುವುದನ್ನೇ ಬಿಟ್ಟು ಹವಾಮಾನದ ಬಗ್ಗೆ ಮಾತನಾಡುತ್ತಾರೆ. ಮಗ ಹುಟ್ಟಿದ್ದು ಬೆಂಗಳೂರಿನಲ್ಲಿ, ಇಲ್ಲಿಗೆ ಬಂದಾಗ ಅವನಿಗೆ ಎರಡು ವರ್ಷ. ಮಗಳು ಇಲ್ಲಿಯೇ, ಆನ್ ಆರ್ಬರ್‌ನ ಆಸ್ಪತ್ರೆಯಲ್ಲಿ ಹುಟ್ಟಿದಳು. ಇಬ್ಬರೂ ಒಂದೇ ಸಾರು ಉಂಡವರು, ಒಂದೇ ಬಾತ್‌ರೂಮಿಗೆ ಜಗಳವಾಡಿದವರು, ಒಂದೇ ಹಳದಿ ಬಸ್ಸು ಹತ್ತಿದವರು. ಆದರೆ ಅವಳು ಈ ದೇಶದ ಪ್ರಜೆ. ಅವನು ನನ್ನ ವೀಸಾದ ಬಾಲ ಹಿಡಿದುಕೊಂಡಿದ್ದ ಅವಲಂಬಿತ, ಅಷ್ಟೆ. ಇಪ್ಪತ್ತೊಂದು ತುಂಬಿದ ದಿನ ಆ ಬಾಲ ಕತ್ತರಿಸಿ ಹೋಗುತ್ತದೆ. ಆಮೇಲೆ ಅವನು ಇಲ್ಲಿರುವಂತಿಲ್ಲ.

ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಳ್ಳಬಹುದು ಎಂದು ವಕೀಲರು ದಾರಿ ತೋರಿಸಿದ್ದರು. ಅದಕ್ಕೆ, ಓದು ಮುಗಿದ ಮೇಲೆ ನನ್ನ ದೇಶಕ್ಕೆ ವಾಪಸ್ ಹೋಗುತ್ತೇನೆ, ನನ್ನ ಮನೆ ಅಲ್ಲಿದೆ ಎಂದು ಬರೆದು ಸಹಿ ಮಾಡಬೇಕು. ಮಗ ಆ ಫಾರಂ ಓದಿ ಮೇಜಿನ ಮೇಲೆ ಮಗುಚಿ ಇಟ್ಟ. "ನನ್ನ ಮನೆ ಇದು. ಸುಳ್ಳು ಬರೆಯಲ್ಲ" ಎಂದ. ಇಂಗ್ಲಿಷಿನಲ್ಲಿ ಹೇಳಿದ. ಮಕ್ಕಳಿಬ್ಬರ ಮಾತೂ ಇಂಗ್ಲಿಷೇ, ಇಲ್ಲಿ ನಾನದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಂಡತಿ ಅತ್ತಳು, ನಾನು ಬೈದೆ. ಅವನು ಜಗ್ಗಲಿಲ್ಲ. ಹಟ ಯಾರದ್ದು ಬಂದಿದೆ ಎಂದು ಕೇಳುವ ಅಗತ್ಯವಿರಲಿಲ್ಲ.

ಮಗಳು ರಾಜಕೀಯಕ್ಕೆ ಕಾಲಿಟ್ಟದ್ದು ಇದಕ್ಕಾಗಿಯೇ. ಆಗ ಅವಳಿಗೆ ಹದಿನೆಂಟು, ಆನ್ ಆರ್ಬರ್‌ನಲ್ಲಿ ಓದುತ್ತಿದ್ದಳು. ಆ ವರ್ಷ ಅಧ್ಯಕ್ಷರ ಚುನಾವಣೆ. ಬೇಸಿಗೆಯ ಕೊನೆಗೆ ಚಿಕಾಗೋದಲ್ಲಿ ಪಕ್ಷದ ಮಹಾಸಮಾವೇಶ. ಅಲ್ಲಿಗೆ ಹೋಗುವ ಪ್ರತಿನಿಧಿಗಳನ್ನು ನಮ್ಮ ಭಾಗದಿಂದ ಆರಿಸಲು ಕಾರ್ಮಿಕ ಸಂಘದ ಒಂದು ಹಾಲಿನಲ್ಲಿ ಸಭೆ ಸೇರಿತ್ತು. ನಿಂತವರಿಗೆಲ್ಲ ಎರಡೆರಡು ನಿಮಿಷ. ಇವಳು ಎದ್ದು, "ಸೆಪ್ಟೆಂಬರಿನಲ್ಲಿ ನಮ್ಮಣ್ಣನನ್ನು ಈ ದೇಶ ಹೊರಗೆ ಹಾಕುತ್ತದೆ. ಅವನು ಓದಿದ್ದು ಇಲ್ಲೇ ಪಕ್ಕದ ಎಲಿಮೆಂಟರಿ ಸ್ಕೂಲಿನಲ್ಲಿ" ಎಂದಳಂತೆ. ಅಷ್ಟಕ್ಕೇ ಗೆದ್ದು ಬಂದಳು. ಈ ದೇಶದಲ್ಲಿ ನನಗೆ ಓಟಿಲ್ಲ, ನನ್ನ ಮಗಳು ಅಧ್ಯಕ್ಷರ ಅಭ್ಯರ್ಥಿಯನ್ನು ಆರಿಸುವವಳು! ಆಫೀಸಿನಲ್ಲಿ ಎಲ್ಲರಿಗೂ ಮೈಸೂರ್‌ಪಾಕ್ ಹಂಚಿದೆ.

ಆದರೆ ಆರಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅಧಿಕಾರದಲ್ಲಿದ್ದ ಅಧ್ಯಕ್ಷರೇ ಮತ್ತೆ ನಿಂತಿದ್ದರು, ಇವಳೂ ಇವಳಂಥ ಸಾವಿರಾರು ಜನರೂ ಅವರಿಗೇ ಓಟು ಹಾಕುತ್ತೇವೆಂದು ಮಾತು ಕೊಟ್ಟು ಹೋಗಬೇಕಾದವರು. ಹೀಗಿರುವಾಗ ಜುಲೈ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾನು ಕುಕ್ಕರ್ ಇಳಿಸುತ್ತಿದ್ದೆ. ಮಗಳು ಮಹಡಿಯಿಂದ ಮೂರು ಮೂರು ಮೆಟ್ಟಿಲು ಹಾರಿಕೊಂಡು ಬಂದಳು.

"ಅಪ್ಪಾ, ಪ್ರೆಸಿಡೆಂಟ್ ವಿತ್‌ಡ್ರಾ ಮಾಡಿದಾರೆ! ನಾವೆಲ್ಲಾ ಫ್ರೀ ಈಗ!"

ಅಡುಗೆಮನೆಯ ಕಟ್ಟೆಗೆ ಆತು ನಿಂತು ಅವಳು ವಿವರಿಸಿದಳು. ಯಾರಿಗೆ ಅರ್ಧಕ್ಕಿಂತ ಹೆಚ್ಚು ಪ್ರತಿನಿಧಿಗಳ ಓಟು ಬೀಳುತ್ತದೋ ಅವರೇ ಅಭ್ಯರ್ಥಿ. ಸಾಮಾನ್ಯವಾಗಿ ಅದು ಮೊದಲೇ ತೀರ್ಮಾನವಾಗಿರುತ್ತದೆ. ಮೊದಲ ಸುತ್ತಿನಲ್ಲಿ ಯಾರಿಗೂ ಅಷ್ಟು ಬೀಳದಿದ್ದರೆ ಮಾತ್ರ ಅಸಲಿ ಆಟ ಶುರು. ಎರಡನೇ ಸುತ್ತಿನಿಂದ ಕೊಟ್ಟ ಮಾತಿನ ಕಟ್ಟು ಯಾರಿಗೂ ಇಲ್ಲ, ಪಕ್ಷದ ದೊಡ್ಡವರೂ ಓಟು ಹಾಕುತ್ತಾರೆ, ಒಬ್ಬರು ಅರ್ಧ ದಾಟುವ ತನಕ ಸುತ್ತಿನ ಮೇಲೆ ಸುತ್ತು. ಆ ಸುತ್ತುಗಳ ನಡುವೆ ಹೋಟೆಲ್ ರೂಮುಗಳಲ್ಲಿ ಮಾತುಕತೆ. ನನಗೆ ಇದು ಕೊಡಿ, ನಮ್ಮ ಓಟು ನಿಮಗೆ. ಅಂಥದ್ದು ನಡೆದು ಎಷ್ಟೋ ಕಾಲವಾಯಿತು, ನೀವೂ ಹುಟ್ಟಿರಲಿಲ್ಲ ಅಪ್ಪ ಎಂದಳು. ಈಗ ಅದಕ್ಕೆ ಬಾಗಿಲು ತೆರೆದಿದೆ. ಅಭ್ಯರ್ಥಿಯಾಗಿ ನಿಲ್ಲಲು ಪ್ರತಿನಿಧಿಗಳ ಸಹಿ ಬೇಕು, ಒಬ್ಬ ಪ್ರತಿನಿಧಿ ಒಬ್ಬರ ಹೆಸರಿಗೆ ಮಾತ್ರ ಸಹಿ ಹಾಕಬಹುದು. ಎಲ್ಲರ ಬಾಯಲ್ಲೂ ಒಂದೇ ಹೆಸರಿತ್ತು, ಆಗಲೇ ಸರ್ಕಾರದ ಒಳಗಿದ್ದ ಉಪಾಧ್ಯಕ್ಷರ ಹೆಸರು.

"ಸರ್ಕಾರದ ಒಳಗಿದಾರೆ, ಅದೇ ನಮ್ಗೆ ಬೇಕಾಗಿರೋದು" ಎಂದಳು ಮಗಳು. ಕ್ಯೂನಲ್ಲಿರುವವರ ಮಕ್ಕಳನ್ನು ಇಪ್ಪತ್ತೊಂದು ತುಂಬಿದರೂ ಹೊರಗೆ ಕಳಿಸಬೇಡಿ ಎಂದು ಸರ್ಕಾರ ಒಂದು ಆದೇಶ ಹೊರಡಿಸಿದರೆ ಸಾಕು, ಕಾನೂನು ಬದಲಾಗಬೇಕಿಲ್ಲ ಎಂದು ಅವಳ ಗುಂಪು ಹೇಳುತ್ತಿತ್ತು. ಸುತ್ತಮುತ್ತಲ ರಾಜ್ಯಗಳಿಂದ ಇಂಥದೇ ಸಂಕಟವಿದ್ದ, ಇವಳೂ ಸೇರಿ ಏಳು ಪ್ರತಿನಿಧಿಗಳು ಒಬ್ಬರಿಗೊಬ್ಬರು ಪರಿಚಯವಾಗಿದ್ದರು. ಆ ಆದೇಶದ ಬಗ್ಗೆ ಸ್ಪಷ್ಟವಾದ ಮಾತು ಸಿಗುವವರೆಗೆ ಏಳು ಜನವೂ ಸಹಿ ಹಾಕಬಾರದು ಎಂಬುದು ಅವರ ಯೋಚನೆ.

ನಾನು ನಕ್ಕೆ. "ಸಾವಿರಾರು ಜನರಲ್ಲಿ ಏಳು ಜನ! ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಕಣಮ್ಮ."

"ಅವರಿಗೆ ಬೇಕಾಗಿರೋದು ವೋಟ್ ಅಲ್ಲ ಅಪ್ಪ. ಎಲ್ಲರೂ ಒಪ್ಪಿದ್ರು ಅನ್ನೋ ಹೆಡ್‌ಲೈನ್. ಅದಕ್ಕೆ ಕೊನೇ ಏಳು ಜನಕ್ಕೇ ಜಾಸ್ತಿ ಬೆಲೆ."

ಅವಳು ಹೇಳಿದ್ದು ಸರಿಯಾಗಿತ್ತು. ಹದಿನೆಂಟು ವರ್ಷದ ಹುಡುಗಿ, ಆ ಸಂತೆಯ ವ್ಯಾಪಾರವನ್ನು ನನಗಿಂತ ಚೆನ್ನಾಗಿ ತಿಳಿದಿದ್ದಳು. ಆದರೆ ಅವಳ ಧ್ವನಿಯಲ್ಲಿ ಒಂದು ಅಳುಕಿತ್ತು. ಸೋಮವಾರ ಬೆಳಿಗ್ಗೆಯಿಂದಲೇ ಅವಳ ಫೋನು ಹೊಡೆದುಕೊಳ್ಳತೊಡಗಿತು. ಜಿಲ್ಲೆಯವರು, ರಾಜ್ಯದವರು, ಯಾರ್ಯಾರೋ. ಸಂಜೆ ಆರಕ್ಕೆ ಮಿಷಿಗನ್ನಿನ ಪ್ರತಿನಿಧಿಗಳದ್ದೆಲ್ಲ ವಿಡಿಯೋ ಕರೆ ಇದೆ, ಅಷ್ಟರಲ್ಲಿ ಸಹಿ ಆದರೆ ಚೆನ್ನ ಎಂದು ಎಲ್ಲರದ್ದೂ ಮೃದುವಾದ ಒತ್ತಾಯ. ನಾನು ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮಧ್ಯಾಹ್ನ ಅವಳು ನನ್ನ ರೂಮಿಗೆ ಬಂದು ಬಾಗಿಲಲ್ಲಿ ನಿಂತಳು. ಅಣ್ಣ ಕೆಳಗೆ ನೆಲಮಾಳಿಗೆಯಲ್ಲಿ ಗಿಟಾರ್ ಬಾರಿಸುತ್ತಿದ್ದ.

"ಅಪ್ಪ, ನೀವಾಗಿದ್ರೆ ಏನ್ ಮಾಡ್ತಿದ್ರಿ?"

ಮಗಳು ದೊಡ್ಡವಳಾದ ಮೇಲೆ ನನ್ನನ್ನು ಹಾಗೆ ಕೇಳಿದ್ದೇ ಅಪರೂಪ. ಖುಷಿಯಲ್ಲಿ ನನ್ನ ತಲೆ ನಿಲ್ಲಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು, ಕುರ್ಚಿ ತಿರುಗಿಸಿ, ಮಿನಿವ್ಯಾನಿನ ಸಕಲ ಅನುಭವವನ್ನೂ ಧಾರೆ ಎರೆದೆ.

"ನೋಡಮ್ಮ, ಎಲ್ಲರೂ ಒಂದಾಗಬೇಕು ಅಂತಿರೋವಾಗ ಅಡ್ಡ ನಿಂತವರನ್ನ ಜನ ಜನ್ಮದಲ್ಲಿ ಕ್ಷಮಿಸಲ್ಲ. ಯಾರು ಮೊದಲು ದೊಡ್ಡ ಮನಸ್ಸು ಮಾಡ್ತಾರೋ ಅವರನ್ನ ಮರೆಯೋದೂ ಇಲ್ಲ. ಏನೂ ಕೇಳಬೇಡ. ನೀನೇ ಮೊದಲು ಸೈನ್ ಮಾಡಿಬಿಡು. ಆಮೇಲೆ ಹೋಗಿ ಅಣ್ಣನ ವಿಷ್ಯ ಹೇಳು. ಅವರೇ ಕರೆದು ಮಾಡಿಕೊಡ್ತಾರೆ."

"ಆರ್ ಯು ಶೂರ್, ಅಪ್ಪಾ?"

"ಹದಿನೆಂಟು ವರ್ಷದಿಂದ ನೋಡ್ತಿದೀನಿ ಕಣೆ."

ನಾನು ನೋಡಿದ್ದು ಇನ್ನೂರು ಮನೆಗಳ ಸಂಘವನ್ನು. ಅಲ್ಲಿ ಯಾರೂ ಯಾರನ್ನೂ ಮರೆಯುವುದು ಸಾಧ್ಯವಿಲ್ಲ, ಮುಂದಿನ ಶನಿವಾರ ಯಾರದೋ ಸತ್ಯನಾರಾಯಣ ಪೂಜೆಯಲ್ಲಿ ಮುಖ ನೋಡಲೇಬೇಕು. ಒಂದು ದೇಶವನ್ನು ನಡೆಸಲು ಹೊರಟವರಿಗೂ ಅದೇ ನಾಚಿಕೆ ಇರುತ್ತದೆ ಎಂದುಕೊಂಡ ಮೂರ್ಖ ನಾನು. ಮಗಳು ನನ್ನ ಮೇಜಿನ ಪಕ್ಕ ನಿಂತೇ ಫೋನಿನಲ್ಲಿ ತನ್ನ ಹೆಸರು ಟೈಪ್ ಮಾಡಿ ಸಹಿ ಕಳಿಸಿದಳು. ಗುಂಪಿನ ಉಳಿದ ಆರು ಜನಕ್ಕೂ ತಿಳಿಸಿದಳು. ಸೆಪ್ಟೆಂಬರಿನ ಗಡುವು ಇದ್ದದ್ದು ಅವಳ ಮನೆಯಲ್ಲೇ. ಅವಳೇ ಹಾಕಿದ ಮೇಲೆ ನಾವು ತಡೆದು ಏನು ಮಾಡುವುದು ಎಂದು ಅವರೂ ಒಬ್ಬೊಬ್ಬರಾಗಿ ಹಾಕಿದರು. ಸಂಜೆ ಕರೆ ಮುಗಿಯುವ ಹೊತ್ತಿಗೆ ಮಿಷಿಗನ್ ಒಕ್ಕೊರಲಿನಿಂದ ಒಪ್ಪಿತ್ತು. ರಾತ್ರಿಯ ಸುದ್ದಿಯಲ್ಲಿ ಅರ್ಧದ ಗೆರೆ ದಾಟಿದ ಲೆಕ್ಕ ಬಂತು. ಬಾಗಿಲು ತೆರೆದಿದ್ದು ಭಾನುವಾರ ಮಧ್ಯಾಹ್ನ, ಮುಚ್ಚಿದ್ದು ಸೋಮವಾರ. ಎರಡನೇ ಸುತ್ತು ಹೋಗಲಿ, ಎರಡನೇ ಹೆಸರೂ ಬರಲಿಲ್ಲ.

ಆ ವಾರ ಹುಬ್ಬಳ್ಳಿ ಕಡೆಯ ಸ್ನೇಹಿತರೊಬ್ಬರು ಊಟಕ್ಕೆ ಬಂದಿದ್ದರು. ಸಂಘದ ಸಂಧಾನಗಳನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಆಗದು. ನಾನು ಹೆಮ್ಮೆಯಿಂದ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಚಪಾತಿ ತುಂಡನ್ನು ತಟ್ಟೆಗಿಟ್ಟರು.

"ಏನ್ ಮಾಡಿದ್ರಿ ಸರ? ರೊಕ್ಕಾ ಎಣಿಸಿಕೊಳ್ಳೂ ಮೊದ್ಲ ಎತ್ತಿನ ಹಗ್ಗ ಅವರ ಕೈಯಾಗ ಕೊಟ್ಟ ಬಂದ್ರಿ? ಹೊಳಿ ದಾಟಿದ ಮ್ಯಾಲೆ ಅಂಬಿಗನ ಹಂಗ ಯಾರಿಗೈತ್ರಿ?"

ಸಿಟ್ಟು ಬಂತು. ನಿಮಗೆ ಎಲ್ಲದರಲ್ಲೂ ವ್ಯಾಪಾರವೇ ಕಾಣುತ್ತದೆ ಎಂದು ರೇಗಿದೆ. ಅವರು ಚಪಾತಿ ತುಂಡನ್ನು ಮತ್ತೆ ಕೈಗೆತ್ತಿಕೊಂಡರು. ಆದರೆ ಅಂದಿನಿಂದ ನನಗೆ ಊಟ ಸೇರಲಿಲ್ಲ.

ಆಗಸ್ಟಿನಲ್ಲಿ ಮಗಳನ್ನು ನಾನೇ ಚಿಕಾಗೋಗೆ ಡ್ರೈವ್ ಮಾಡಿಕೊಂಡು ಹೋದೆ. ಐ-94 ಹೆದ್ದಾರಿ ಹಿಡಿದು ನಾಲ್ಕೂವರೆ ಗಂಟೆ. ಅವಳು ದಾರಿಯುದ್ದಕ್ಕೂ ಒಂದು ಕಾಗದವನ್ನು ಓದಿಕೊಳ್ಳುತ್ತಿದ್ದಳು. ಅಣ್ಣನಿಗೇನಾಗುತ್ತದೆ, ಯಾವ ದಿನ ಆಗುತ್ತದೆ, ಯಾವ ಆದೇಶ ಬಂದರೆ ತಪ್ಪುತ್ತದೆ, ಎಲ್ಲ ಒಂದೇ ಪುಟದಲ್ಲಿ. ವೀಸಾದ ಗಂಧಗಾಳಿ ಇಲ್ಲದವರೂ ಅರ್ಥಮಾಡಿಕೊಳ್ಳುವಂತೆ ಬರೆದಿದ್ದೇನೆ ಎಂದಳು. ನಾನು ಕಲಮಜೂವಿನ ಎಕ್ಸಿಟ್ಟಿನಲ್ಲಿ ಕಾಫಿಗೆ ನಿಲ್ಲಿಸಿ, ಎಲ್ಲ ಒಳ್ಳೆಯದಾಗುತ್ತದೆ ಎಂದೆ. ಬೇರೆ ಏನು ಹೇಳಲಿ?

ಪ್ರತಿನಿಧಿಗಳಿದ್ದ ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಪ್ರಚಾರದ ಕಚೇರಿಯ ಒಬ್ಬ ಯುವತಿ ಮೇಜಿಂದ ಮೇಜಿಗೆ ಓಡಾಡುತ್ತಿದ್ದಳು. ಪ್ರತಿನಿಧಿಗಳನ್ನು ವಿಚಾರಿಸಿಕೊಳ್ಳುವುದೇ ಅವಳ ಕೆಲಸ. ಮಗಳು ಎದ್ದು ನಿಂತು ಕಾಗದ ಕೊಟ್ಟು ಹೇಳತೊಡಗಿದಳು. ಆ ಯುವತಿ ತನ್ನ ಪಟ್ಟಿಯಲ್ಲಿ ಹೆಸರು ನೋಡಿ ಮುಖವರಳಿಸಿದಳು.

"ಓಹ್, ನೀವು ಮೊದಲ ದಿನವೇ ನಮ್ಮ ಜೊತೆ ಬಂದವರು! ಅದನ್ನು ನಾವು ಯಾವತ್ತೂ ಮರೆಯುವುದಿಲ್ಲ."

ಮಗಳನ್ನು ಅಪ್ಪಿಕೊಂಡು, ಎದೆಗೆ ಒಂದು ಬಿಲ್ಲೆ ಚುಚ್ಚಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಒಳ್ಳೆಯ ಹುಡುಗಿಯೇ, ಕಣ್ಣಲ್ಲಿ ಸುಳ್ಳಿರಲಿಲ್ಲ. ಅಷ್ಟರಲ್ಲಿ ಬೇರೆ ರಾಜ್ಯದ ಒಬ್ಬ ಗಡ್ಡದವನು ಒಳಗೆ ಬಂದ. ಅವನು ಕೊನೆಯವರೆಗೂ ಯಾರಿಗೂ ಸಹಿ ಹಾಕದೆ ಕುಳಿತವನಂತೆ, ಮಗಳಿಗೆ ಮುಖಪರಿಚಯವಿತ್ತು. ಯುವತಿ ಲಗುಬಗೆಯಿಂದ ಅವನ ಬಳಿಗೆ ಹೋದಳು. ಸೂಟು ತೊಟ್ಟ ಇಬ್ಬರು ಹಿರಿಯರು ಬಂದು ಅವನನ್ನು ಪಕ್ಕದ ಗಾಜಿನ ಗೋಡೆಯ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಅವನಿಗೆ ಏನು ಸಿಕ್ಕಿತೋ ತಿಳಿಯದು, ಬಹುಶಃ ಏನೂ ಸಿಕ್ಕಿರಲಾರದು. ಆದರೆ ಅವನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಅವನ ಮಾತು ಮುಗಿಯುವವರೆಗೆ ಕೇಳಿದರು. ಮಗಳು ಆ ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಂತಳು. ನಾನು ಅವಳ ಮುಖ ನೋಡಲಿಲ್ಲ. ತಟ್ಟೆಯಲ್ಲಿದ್ದ ಕಲ್ಲಂಗಡಿ ತುಂಡುಗಳನ್ನು ಫೋರ್ಕಿನಿಂದ ಆ ಕಡೆ ಈ ಕಡೆ ಸರಿಸುತ್ತಿದ್ದೆ.

ಮಂಗಳವಾರ ಸಂಜೆ ನನಗೂ ಒಂದು ಅತಿಥಿ ಪಾಸು ಸಿಕ್ಕಿತು. ಕ್ರೀಡಾಂಗಣದ ತುತ್ತತುದಿಯ ಸಾಲಿನಲ್ಲಿ ಕುಳಿತೆ. ಒಂದೊಂದು ರಾಜ್ಯವೂ ಹಾಡು ಹಾಕಿಸಿಕೊಂಡು, ಕುಣಿದು, ತನ್ನ ಓಟುಗಳನ್ನು ಕೂಗಿ ಹೇಳಿತು. ನಿಜವಾದ ಓಟನ್ನು ಎರಡು ವಾರದ ಹಿಂದೆಯೇ ಎಲ್ಲರೂ ಅವರವರ ಮನೆಯ ಕಂಪ್ಯೂಟರಿನಲ್ಲಿ ಹಾಕಿ ಮುಗಿಸಿದ್ದರು. ಇದು ಆಗಿಹೋದ ಮದುವೆಯ ವಿಡಿಯೋ ನೋಡಿದ ಹಾಗೆ. ಪಕ್ಷದ ನೀತಿಯ ಪುಸ್ತಕ ಹಿಂದಿನ ಸಂಜೆಯೇ ‘ಹೌದು’ ಎಂದು ಕೂಗುವ ಓಟಿನಲ್ಲಿ ಪಾಸಾಗಿತ್ತು. ಮಗಳು ಆ ರಾತ್ರಿಯೇ ಫೋನಿನಲ್ಲಿ ಅದನ್ನು ಮೊದಲಿಂದ ಕೊನೆಯವರೆಗೆ ಹುಡುಕಿದಳು. ಅವಳು ಕೇಳಿದ ಆದೇಶದ ಮಾತು ಅದರಲ್ಲಿರಲಿಲ್ಲ. ಮೇಲಿನಿಂದ ನೋಡಿದರೆ ಮಿಷಿಗನ್ನಿನ ಗುಂಪು ಕುಣಿಯುತ್ತಿತ್ತು. ಅದರ ನಡುವೆ ಕಡುನೀಲಿ ಕುರ್ತಾ ತೊಟ್ಟ ಒಬ್ಬಳು ಮಾತ್ರ ಕುಳಿತಿದ್ದಳು.

ಸಹಿಯನ್ನು ತಡೆಹಿಡಿದಿದ್ದರೆ ಆದೇಶ ಬರುತ್ತಿತ್ತೇ? ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಬರುತ್ತಿರಲಿಲ್ಲ ಎಂದೇ ಅನ್ನಿಸುತ್ತದೆ. ಏಳು ಜನರಿಗಾಗಿ ಯಾರೂ ಸರ್ಕಾರವನ್ನು ಅಲುಗಾಡಿಸುವುದಿಲ್ಲ. ನವೆಂಬರಿನಲ್ಲಿ ಆ ಅಭ್ಯರ್ಥಿಯೇ ಸೋತರು, ಅಲ್ಲಿಗೆ ಆ ಮಾತೂ ಮುಗಿಯಿತು. ಆದರೆ ಅವಳಿಗೂ ಒಂದು ಕೋಣೆ, ಒಂದು ಕುರ್ಚಿ ಸಿಗುತ್ತಿತ್ತು. ಕೇಳಿ ಸೋತೆ ಎಂದು ಅಣ್ಣನಿಗೆ ಹೇಳುವ ಅವಕಾಶ ಸಿಗುತ್ತಿತ್ತು. ಅದನ್ನು ಅವಳ ಕೈಯಿಂದ ಕಿತ್ತುಕೊಂಡವನು ನಾನು.

ಮನೆಗೆ ಬಂದ ಮರುದಿನ ಮಗ ಅವಳನ್ನು ಊಟದ ಮೇಜಿನಲ್ಲಿ ಕೇಳಿದ. ಹುಬ್ಬಳ್ಳಿಯವರು ಎಲ್ಲೋ ಬಾಯಿಬಿಟ್ಟಿದ್ದರು, ಅವರ ಮಕ್ಕಳಿಂದ ಇವನಿಗೆ ತಿಳಿದಿತ್ತು. ಆದರೆ ಅವನಿಗೆ ಗೊತ್ತಾಗಿದ್ದು ಅವಳು ಮೊದಲು ಸಹಿ ಹಾಕಿದಳು ಎಂಬುದಷ್ಟೇ.

"ನಿನ್ನ ಕೈಯಲ್ಲಿ ಇದ್ದಿದ್ದು ಅದೊಂದೇ. ಅದನ್ನ ಹಾಗೇ ಕೊಟ್ಟುಬಿಟ್ಯಾ? ಏನೂ ಕೇಳದೆ? ಯಾರು ಹೇಳಿದ್ರು ನಿಂಗೆ?"

ನಾನು ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಲಿಲ್ಲ.

"ಯಾರೂ ಹೇಳಲಿಲ್ಲ" ಎಂದಳು ಮಗಳು. "ನಾನೇ ಮಾಡಿದ್ದು."

"ನಿನಗೇನು, ನೀನು ಇಲ್ಲೇ ಹುಟ್ಟಿದೀಯ" ಎಂದ ಅವನು. ತಟ್ಟೆ ತಂದು ನನ್ನ ಪಕ್ಕ ಸಿಂಕಿನಲ್ಲಿಟ್ಟು ನೆಲಮಾಳಿಗೆಗೆ ಇಳಿದುಹೋದ. ಆಗ ನಾನು ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಹೆದರಿಕೆ, ಬೇರೇನೂ ಅಲ್ಲ. ಇನ್ನು ಎರಡು ವಾರದಲ್ಲಿ ಹೋಗುವವನು, ಸಿಟ್ಟು ಮಾಡಿಕೊಂಡು ಹೋಗಬಾರದಲ್ಲ ಎಂದು ಆಗ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ.

ಅವನು ಯಾವತ್ತೂ ನಂಬಿರಲಿಲ್ಲ ಎಂದು ಆಮೇಲೆ ತಿಳಿಯಿತು. ನದಿಯ ಆಚೆ ಕೆನಡಾದ ವಿಂಡ್ಸರ್‌ನಲ್ಲಿ ಓದಲು ಮಾರ್ಚಿನಲ್ಲೇ ಅಪ್ಲೈ ಮಾಡಿ, ಸೀಟಿನ ಪತ್ರ ಮತ್ತು ಪರ್ಮಿಟ್ಟನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದ. ಹುಟ್ಟುಹಬ್ಬಕ್ಕೆ ಮುಂಚೆ, ಸೆಪ್ಟೆಂಬರಿನ ಮೊದಲ ವಾರದಲ್ಲಿ ಡೆಟ್ರಾಯಿಟ್ ಡೌನ್‌ಟೌನಿನಲ್ಲಿ ಅವನನ್ನು ನದಿಯಡಿಯ ಸುರಂಗದಲ್ಲಿ ವಿಂಡ್ಸರ್‌ಗೆ ಹೋಗುವ ಬಸ್ಸಿಗೆ ಹತ್ತಿಸಿದೆವು. ಎರಡು ಸೂಟ್‌ಕೇಸು, ಒಂದು ಗಿಟಾರು. ಅಮ್ಮನನ್ನು ತಬ್ಬಿಕೊಂಡ, ನನ್ನನ್ನೂ ತಬ್ಬಿಕೊಂಡ. ತಂಗಿ ಕಾರಿನ ಆ ಬದಿ ನಿಂತಿದ್ದಳು. ಅವಳತ್ತ ತಿರುಗಲಿಲ್ಲ.

ನಮ್ಮ ಮನೆಯಿಂದ ಅವನ ರೂಮಿಗೆ ಮೂವತ್ತು ಚಿಲ್ಲರೆ ಮೈಲಿ. ಹೆಂಡತಿಗೂ ನನಗೂ ಅಲ್ಲಿಗೆ ಹೋಗಲಾಗುವುದಿಲ್ಲ. ಹೋಗಲು ಕೆನಡಾದ ವೀಸಾ ಬೇಕು, ವಾಪಸ್ ಬರುವಾಗ ನಮ್ಮ ಹಳೆಯ ಕಾಗದಗಳು ತೊಂದರೆ ಕೊಡಬಹುದು, ಸದ್ಯಕ್ಕೆ ಗಡಿ ದಾಟಲೇಬೇಡಿ ಎಂದು ವಕೀಲರು ಖಂಡಿತವಾಗಿ ಹೇಳಿದ್ದಾರೆ. ಅವನು ಈ ಕಡೆ ಬರುವಂತೆಯೂ ಇಲ್ಲ. ನಮ್ಮ ನಾಲ್ವರಲ್ಲಿ ಯಾವಾಗ ಬೇಕಾದರೂ ಕಾರು ಹತ್ತಿ ಸೇತುವೆ ದಾಟಿ ಅವನ ಬಾಗಿಲು ತಟ್ಟಬಲ್ಲವಳು ಮಗಳೊಬ್ಬಳೇ.

ಕಳೆದ ಚಳಿಗಾಲದಲ್ಲಿ ಒಂದು ದಿನ ತಡೆಯಲಾರದೆ ಅವಳಿಗೆ ಹೇಳಿದೆ. "ನಾನೇ ನಿಂಗೆ ಹೇಳ್ಕೊಟ್ಟಿದ್ದು ಅಂತ ಅವನಿಗೆ ಹೇಳಿಬಿಡ್ತೀನಿ ಕಣೆ. ಇದು ಸಾಕು."

"ಬೇಡ ಅಪ್ಪ. ಈಗ ಅವನು ನನ್ನ ಫೋನ್ ಎತ್ತಲ್ಲ, ಅಷ್ಟೇ ತಾನೆ? ನಿಮ್ಮ ಫೋನೂ ಎತ್ತದೇ ಹೋದ್ರೆ ಅಲ್ಲಿ ಅವನಿಗೆ ಯಾರಿದಾರೆ?"

ನಾನು ಸರಿ ಎಂದೆ. ತಿಂಗಳಿಗೊಮ್ಮೆ ಅವಳು ಅಮ್ಮ ಮಾಡಿದ ಚಟ್ನಿಪುಡಿ, ಹುಳಿಪುಡಿಗಳ ಡಬ್ಬಿಗಳನ್ನು ಕಾರಿನಲ್ಲಿಟ್ಟುಕೊಂಡು ವಿಂಡ್ಸರ್‌ಗೆ ಹೋಗಿ, ಅವನ ಬಾಗಿಲ ಹೊರಗೆ ಇಟ್ಟು, ಬೆಲ್ ಒತ್ತಿ, ಕಾರಿಗೆ ವಾಪಸ್ ಬಂದು ಕೂರುತ್ತಾಳೆ. ಬಾಗಿಲು ತೆರೆದು ಅವನು ಚೀಲ ಒಳಗೆ ತೆಗೆದುಕೊಳ್ಳುವವರೆಗೆ ನೋಡುತ್ತಿದ್ದು ಆಮೇಲೆ ಹೊರಡುತ್ತಾಳೆ. ಸಂಜೆ ಅವನು ನನಗೆ ಫೋನ್ ಮಾಡಿ ಡಬ್ಬಿ ಬಂತು ಅಪ್ಪ ಎನ್ನುತ್ತಾನೆ. ಯಾರು ತಂದರು ಎಂದು ಅವನು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.